ದಿನಚರಿಯನ್ನು ತಿರುಗಿ ಓದುವುದು



ಪ್ರತಿ ಜನವರಿಯಲ್ಲಿ ನಮ್ಮ ಮನೆಗಳಿಗೆ ಡೈರಿಗಳು ಬರುತ್ತವೆ. ಬ್ಯಾಂಕಿನವರು ಕೊಡುತ್ತಾರೆ, ವಿಮೆ ಏಜೆಂಟರು ಕೊಡುತ್ತಾರೆ, ಸಹಕಾರ ಸಂಘದವರು ಕೊಡುತ್ತಾರೆ. ಬಹುಪಾಲು ಡೈರಿಗಳ ಕಥೆ ಒಂದೇ. ಮೊದಲ ವಾರ ತುಂಬು ಪುಟ, ಆಮೇಲೆ ಅರ್ಧ ಪುಟ, ಸಂಕ್ರಾಂತಿ ಕಳೆದ ಮೇಲೆ ಖಾಲಿ. ಬರೆಯಲು ಕುಳಿತವರಿಗೆ ಶ್ರದ್ಧೆ ಇರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಏನನ್ನು ಬರೆಯಬೇಕು, ಬರೆದದ್ದನ್ನು ಮುಂದೆ ಏನು ಮಾಡಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಇಡೀ ದಿನವನ್ನು ಒಂದು ಪುಟಕ್ಕೆ ತುಂಬಲು ಹೊರಡುತ್ತೇವೆ, ಸುಸ್ತಾಗುತ್ತೇವೆ, ಬಿಡುತ್ತೇವೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ದಿನಚರಿ ಬರೆಯುವುದರಿಂದ ಅರ್ಧ ಕೆಲಸ ಆಗುತ್ತದೆ. ಇನ್ನರ್ಧ, ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ ಅರ್ಧ, ಅದನ್ನು ಗೊತ್ತಾದ ದಿನದಂದು ತಿರುಗಿ ಓದುವುದರಿಂದ ಆಗುತ್ತದೆ. ನಮ್ಮ ಅಭ್ಯಾಸಗಳನ್ನು ತಿದ್ದಿಕೊಳ್ಳುವುದು ಆ ಎರಡನೆಯ ಅರ್ಧದಲ್ಲಿ.

ಇದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ನಿನಲ್ಲಿ ಮೇಣದಬತ್ತಿ ಮತ್ತು ಸಾಬೂನು ಮಾಡುವವರ ಮನೆಯಲ್ಲಿ ಹುಟ್ಟಿದವನು, ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ನಡೆಸಿದವನು. ಯೌವನದಲ್ಲಿ ಅವನಿಗೆ ಒಂದು ದೊಡ್ಡ ಆಸೆ ಹುಟ್ಟಿತು: ಯಾವ ತಪ್ಪೂ ಮಾಡದೆ ಬದುಕಬೇಕು. ಒಂದು ದೋಷದ ಮೇಲೆ ಕಣ್ಣಿಟ್ಟಾಗ ಇನ್ನೊಂದು ಬಂದು ಸೇರಿಕೊಳ್ಳುತ್ತಿದ್ದುದನ್ನು ಕಂಡು, ಬರಿಯ ಸಂಕಲ್ಪ ಸಾಲದು, ಒಂದು ಕ್ರಮ ಬೇಕು ಎಂದುಕೊಂಡ. ಹದಿಮೂರು ಗುಣಗಳ ಪಟ್ಟಿ ಮಾಡಿದ. ಮಿತಾಹಾರ ಮೊದಲನೆಯದು. ಆಮೇಲೆ ಮಿತಭಾಷೆ, ಅಚ್ಚುಕಟ್ಟು, ದೃಢತೆ, ಮಿತವ್ಯಯ, ದುಡಿಮೆ ಹೀಗೆ ಸಾಗಿ ಕೊನೆಯದು ವಿನಯ. ಮೊದಲು ಅವನ ಪಟ್ಟಿಯಲ್ಲಿ ಇದ್ದದ್ದು ಹನ್ನೆರಡೇ. ನಿನಗೆ ಜಂಬ ಇದೆ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ನಿದರ್ಶನ ಸಮೇತ ತಿಳಿಸಿ ಹೇಳಿದ ಮೇಲೆ ವಿನಯ ಸೇರಿತು.

ಅವನ ಪುಟ್ಟ ಪುಸ್ತಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿ ಪುಟದಲ್ಲೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾರದ ಏಳು ದಿನಕ್ಕೆ ಏಳು ಕಾಲಂ, ಅಡ್ಡಲಾಗಿ ಹದಿಮೂರು ಸಾಲು. ರಾತ್ರಿ ಆ ದಿನವನ್ನು ನೆನೆದು, ಯಾವ ಗುಣದಲ್ಲಿ ತಪ್ಪಿದನೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ ಇಡುತ್ತಿದ್ದ. ಅಷ್ಟೇ. ತಪ್ಪಿನ ವಿವರಣೆ ಇಲ್ಲ, ಅದಕ್ಕೆ ಕೊಟ್ಟುಕೊಂಡ ಸಮಾಧಾನವೂ ಇಲ್ಲ. ಒಂದು ವಾರ ಒಂದೇ ಗುಣದ ಮೇಲೆ ಗಮನ. ಉಳಿದವುಗಳಿಗೆ ಚುಕ್ಕೆ ಮಾತ್ರ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತು ಬಿದ್ದಾಗ ದಂತದ ಹಾಳೆಗಳ ಮೇಲೆ ಅದೇ ಚೌಕಗಳನ್ನು ಮಾಡಿಸಿಕೊಂಡ. ಒದ್ದೆ ಸ್ಪಂಜಿನಿಂದ ಒರೆಸಿ ಹೊಸ ಸುತ್ತು ಆರಂಭಿಸಬಹುದಿತ್ತು. ಬೆಳಿಗ್ಗೆ ಐದಕ್ಕೆ ಎದ್ದಾಗ ಈ ದಿನ ಏನು ಒಳ್ಳೆಯದು ಮಾಡಲಿ ಎಂಬ ಪ್ರಶ್ನೆ, ರಾತ್ರಿ ಮಲಗುವ ಮುಂಚೆ ಏನು ಮಾಡಿದೆ ಎಂಬ ಪ್ರಶ್ನೆ.

ಫಲ ಏನಾಯಿತು? ತಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ದೋಷಗಳು ತನ್ನಲ್ಲಿವೆ ಎಂದು ತಿಳಿದು ಫ್ರಾಂಕ್ಲಿನ್ ಬೆರಗಾದ. ಆದರೆ ವಾರದ ಪುಟಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಅವು ಕಡಿಮೆಯಾಗುತ್ತಿರುವುದೂ ಕಂಡಿತು. ಅಚ್ಚುಕಟ್ಟು ಎಂಬ ಗುಣವೊಂದು ಮಾತ್ರ ಕೊನೆಯವರೆಗೂ ಅವನಿಗೆ ಒಲಿಯಲಿಲ್ಲ. ವಸ್ತುಗಳನ್ನು ಅವುಗಳ ಜಾಗದಲ್ಲಿ ಇಡುವುದು, ಗ್ರಾಹಕರ ನಡುವೆ ಹೊತ್ತನ್ನು ಹಂಚಿಕೊಳ್ಳುವುದು ಅವನಿಂದ ಆಗಲೇ ಇಲ್ಲ. ಎಪ್ಪತ್ತೊಂಬತ್ತನೆಯ ವರ್ಷದಲ್ಲಿ ಆತ್ಮಕಥೆಯ ಈ ಭಾಗ ಬರೆಯುವಾಗ ಅವನು ಅದನ್ನು ಮುಚ್ಚಿಡಲಿಲ್ಲ. ಪರಿಪೂರ್ಣತೆ ಸಿಗಲಿಲ್ಲ, ಆದರೆ ಪ್ರಯತ್ನಿಸದೆ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಉತ್ತಮನೂ ಸುಖಿಯೂ ಆದೆ ಎಂಬ ತಾತ್ಪರ್ಯದ ಮಾತು ಹೇಳಿದ. ಆ ಮಾತನ್ನು ನಾನು ನಂಬುತ್ತೇನೆ.

ಆದರೆ ಆ ಚುಕ್ಕೆಯ ಪುಸ್ತಕದ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಹದಿಮೂರು ಸಾಲುಗಳಲ್ಲಿ ನ್ಯಾಯ ಎಂಬ ಸಾಲಿತ್ತು. ಆದರೂ ಫ್ರಾಂಕ್ಲಿನ್ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಅದಕ್ಕೆ ಚುಕ್ಕೆ ಬೀಳಲಿಲ್ಲ, ಏಕೆಂದರೆ ಅದನ್ನು ಅವನ ಕಾಲದ ಬಹುಪಾಲು ಜನ ತಪ್ಪೆಂದು ಎಣಿಸಿರಲಿಲ್ಲ, ಅವನೂ ಎಣಿಸಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, 1787ರಲ್ಲಿ, ಅವನು ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1790ರಲ್ಲಿ, ತೀರಿಕೊಳ್ಳುವ ಎರಡು ತಿಂಗಳ ಮುಂಚೆ, ಗುಲಾಮಗಿರಿಯನ್ನು ಕೊನೆಗಾಣಿಸಬೇಕೆಂದು ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಮನವಿಗೆ ಸಹಿ ಹಾಕಿದ. ಚೌಕ ಹಾಕಿದ ಪುಟ, ನಾವು ಯಾವುದಕ್ಕೆ ಸಾಲು ಕೊಟ್ಟಿದ್ದೇವೋ ಅದನ್ನು ಮಾತ್ರ ತೋರಿಸುತ್ತದೆ. ಅದಕ್ಕೇ ಚುಕ್ಕೆಯ ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗವೂ ಇರಬೇಕು ಎನ್ನುತ್ತೇನೆ. ಮನಸ್ಸು ತಾನಾಗಿ ಬರೆದುಕೊಳ್ಳುವ ಒಂದೆರಡು ವಾಕ್ಯಗಳಿಗೆ ಆ ಜಾಗ.

ಫ್ರಾಂಕ್ಲಿನ್ನನ ಈ ಪದ್ಧತಿ ದೂರದ ರಷ್ಯಾದಲ್ಲಿ ಒಬ್ಬ ಯುವಕನ ಕೈಗೂ ಬಂತು. ಲಿಯೋ ಟಾಲ್‌ಸ್ಟಾಯ್ ದಿನಚರಿ ಶುರು ಮಾಡಿದ್ದು 1847ರಲ್ಲಿ, ಕಜಾನಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹದಿನೆಂಟನೆಯ ವಯಸ್ಸಿನಲ್ಲಿ. ನಡುವೆ ಬಿಟ್ಟು ಬಿಟ್ಟಾದರೂ 1910ರಲ್ಲಿ ಸಾಯುವವರೆಗೆ ಬರೆದ. ಇಪ್ಪತ್ತರ ಹರೆಯದಲ್ಲಿ ಅವನು ತನ್ನ ದೌರ್ಬಲ್ಯಗಳನ್ನು ಗುರುತು ಹಾಕಲು ಒಂದು ಬೇರೆ ಪುಸ್ತಕವನ್ನೇ ಇಟ್ಟಿದ್ದ. ಅದನ್ನು ಫ್ರಾಂಕ್ಲಿನ್ ಜರ್ನಲ್ ಎಂದೇ ಕರೆಯುತ್ತಿದ್ದ. ಸೋಮಾರಿತನ, ಜೂಜು, ಹೆಣ್ಣಿನ ಮೋಹ, ಪ್ರದರ್ಶನದ ಚಪಲ ಎಲ್ಲಕ್ಕೂ ನಿಯಮಗಳನ್ನು ಬರೆದುಕೊಂಡ, ಮುರಿದ, ಮತ್ತೆ ಬರೆದುಕೊಂಡ.

ಇಬ್ಬರ ಪುಸ್ತಕವನ್ನೂ ಹೋಲಿಸಿದರೆ ನನಗೆ ಕಾಣುವ ವ್ಯತ್ಯಾಸ ಇದು. ಫ್ರಾಂಕ್ಲಿನ್ ತಪ್ಪನ್ನು ಎಣಿಸಿದ. ಟಾಲ್‌ಸ್ಟಾಯ್ ತಪ್ಪಿಗಾಗಿ ತನ್ನನ್ನು ಬೈದುಕೊಂಡ. ಎಣಿಸಿದವನಿಗೆ ಮುಂದಿನ ವಾರ ಏನು ಮಾಡಬೇಕೆಂದು ಗೊತ್ತಿತ್ತು. ಬೈದುಕೊಂಡವನು ಮತ್ತೊಂದು ನಿಯಮ ಬರೆದ. ಆ ಬೈಗುಳದ ಪುಟಗಳು ವ್ಯರ್ಥವಾಗಲಿಲ್ಲ, ನಿಜ. ಮನುಷ್ಯ ತನ್ನೊಳಗೆ ಹೇಗೆ ತನಗೇ ಸುಳ್ಳು ಹೇಳಿಕೊಳ್ಳುತ್ತಾನೆ ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ಬರೆಯುವ ಕಾದಂಬರಿಕಾರ ಆ ಪುಟಗಳಲ್ಲೇ ಪಳಗಿದ. ಆದರೆ ನಮ್ಮಂಥವರು ಬೆಳಿಗ್ಗೆ ಬೇಗ ಏಳಬೇಕು, ಸಿಟ್ಟು ಕಡಿಮೆ ಮಾಡಿಕೊಳ್ಳಬೇಕು, ದಿನಾ ಹತ್ತು ಪುಟ ಓದಬೇಕು ಎಂದು ಹೊರಟಾಗ ನಮಗೆ ದಾರಿ ತೋರುವುದು ಫ್ರಾಂಕ್ಲಿನ್ನನ ಚುಕ್ಕೆ.

ಬರೆದದ್ದನ್ನು ತಿರುಗಿ ನೋಡುವುದು ನಮಗೆ ಹೊಸದೇನೂ ಅಲ್ಲ. ನಮ್ಮ ಪೇಟೆಗಳ ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು, ಕಿರ್ದಿ ಮತ್ತು ಖಾತೆ. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ. ಆಮೇಲೆ ಒಬ್ಬೊಬ್ಬರ ಹೆಸರಿನಲ್ಲಿ ಅದನ್ನು ಖಾತೆಗೆ ಏರಿಸುತ್ತಾರೆ. ಕಿರ್ದಿ ಮಾತ್ರ ಬರೆದು ಖಾತೆಗೆ ಏರಿಸದ ಸಾಹುಕಾರನಿಗೆ ಯಾರಿಂದ ಎಷ್ಟು ಬರಬೇಕು ಎಂಬುದೇ ತಿಳಿಯುವುದಿಲ್ಲ, ಪುಟಗಳು ಎಷ್ಟು ತುಂಬಿದ್ದರೂ. ನಮ್ಮ ದಿನಚರಿಗಳು ಹೆಚ್ಚಾಗಿ ಖಾತೆಗೆ ಏರದ ಕಿರ್ದಿಗಳು.

ಜೈನರ ಪ್ರತಿಕ್ರಮಣವನ್ನು ನೋಡಿ. ಶ್ರವಣಬೆಳಗೊಳದ ನಾಡಿನವರಾದ ನಮಗೆ ಅದು ದೂರದ್ದಲ್ಲ. ಮುನಿಗಳ ಆರು ಆವಶ್ಯಕಗಳಲ್ಲಿ ಅದೂ ಒಂದು. ತನ್ನಿಂದಾದ ದೋಷಗಳನ್ನು ನೆನೆದು ಅವುಗಳಿಂದ ಹಿಂದಿರುಗುವುದು. ಹಗಲಿನ ದೋಷಕ್ಕೆ ದೈವಸಿಕ, ರಾತ್ರಿಯದಕ್ಕೆ ರಾತ್ರಿಕ. ಇಷ್ಟಕ್ಕೇ ನಿಲ್ಲುವುದಿಲ್ಲ. ಹದಿನೈದು ದಿನಕ್ಕೆ ಪಾಕ್ಷಿಕ, ನಾಲ್ಕು ತಿಂಗಳಿಗೆ ಚಾತುರ್ಮಾಸಿಕ, ವರ್ಷಕ್ಕೆ ಸಾಂವತ್ಸರಿಕ. ದಿನಾ ಮಾಡಿದವರು ಮತ್ತೆ ಪಕ್ಷಕ್ಕೆ ಏಕೆ ಮಾಡಬೇಕು? ಒಂದು ದಿನದ ದೂರದಿಂದ ಕಾಣದ್ದು ಹದಿನೈದು ದಿನದ ದೂರದಿಂದ ಕಾಣುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಅದರ ಧಾರ್ಮಿಕ ಅರ್ಥ ಇದಕ್ಕಿಂತ ಆಳವಾದದ್ದು. ಆದರೆ ದಿನ, ಪಕ್ಷ, ನಾಲ್ಕು ತಿಂಗಳು, ವರ್ಷ ಎಂದು ಹಿಂತಿರುಗಿ ನೋಡುವ ಅವಧಿಗಳನ್ನು ಒಂದರೊಳಗೊಂದು ಜೋಡಿಸಿದ ಆ ಕ್ರಮವನ್ನು ದಿನಚರಿ ಬರೆಯುವ ಯಾರಾದರೂ ಕಲಿಯಬಹುದು.

ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಮೇಷ್ಟರ ಒಂದು ನೋಟ್‌ಬುಕ್ಕನ್ನು ಅವರ ಮಗಳು ನನಗೆ ತೋರಿಸಿದರು. ಅದರಲ್ಲಿ ಇದ್ದದ್ದನ್ನು ಇಲ್ಲಿ ಹೇಳಲು ಅವರ ಅನುಮತಿ ಪಡೆದಿದ್ದೇನೆ. ಇನ್ನೂರು ಪುಟದ ಉದ್ದ ಗೆರೆಯ ಪುಸ್ತಕ, ಖಾಕಿ ಕಾಗದದ ಹೊದಿಕೆ. ಪ್ರತಿ ಶಾಲಾ ದಿನಕ್ಕೆ ಎರಡು ಸಾಲು. ತರಗತಿ, ಪಾಠ, ಎಲ್ಲಿ ಎಡವಿತು. ಒಂದು ಪುಟದಲ್ಲಿ ಎಂಟನೆಯ ಬಿ ವಿಭಾಗ, ಭಿನ್ನರಾಶಿ, ಹಿಂದಿನ ಬೆಂಚಿನವರಿಗೆ ಕೇಳಿಸಲಿಲ್ಲ ಎಂದಿದೆ. ನಾಲ್ಕು ದಿನ ಬಿಟ್ಟು ಮತ್ತೆ ಹಿಂದಿನ ಬೆಂಚು. ಇನ್ನೊಂದು ವಾರಕ್ಕೆ ಬೀಜಗಣಿತ, ಮತ್ತೆ ಹಿಂದಿನ ಬೆಂಚು. ಆ ಮೂರು ಸಾಲಿನ ಕೆಳಗೂ ಆಮೇಲೆ ಯಾವಾಗಲೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಶನಿವಾರದ ಪುಟದ ಅಂಚಿನಲ್ಲಿ ಅದೇ ಪೆನ್ಸಿಲಿನಲ್ಲಿ, ಬೋರ್ಡಿಗೆ ಮುಖ ಮಾಡಿ ಮಾತಾಡುತ್ತಿದ್ದೇನೆ, ಸೋಮವಾರದಿಂದ ಲೆಕ್ಕವನ್ನು ಮೊದಲೇ ಬರೆದಿಟ್ಟು ಮಕ್ಕಳ ಕಡೆ ತಿರುಗಿ ಹೇಳಬೇಕು ಎಂದು ಬರೆದುಕೊಂಡಿದ್ದಾರೆ. ಆಮೇಲೆ ಆ ಪುಸ್ತಕದಲ್ಲಿ ಹಿಂದಿನ ಬೆಂಚಿನ ಮಾತು ಅಪರೂಪ. ಆ ಮೂರು ಸಾಲುಗಳಲ್ಲಿ ಯಾವುದನ್ನು ಒಂಟಿಯಾಗಿ ಓದಿದರೂ ದೂರುವುದು ಮಕ್ಕಳನ್ನೇ. ಒಟ್ಟಿಗೆ ಓದಿದಾಗ ಮೇಷ್ಟರಿಗೆ ತಾವು ನಿಂತ ಭಂಗಿ ಕಂಡಿತು.

ನಮ್ಮ ತಾಯಿಯಂದಿರು ಡೈರಿ ಇಡಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ಇತ್ತು. ಹಾಲು ಎಷ್ಟು, ಸಿಲಿಂಡರ್ ಹಾಕಿದ್ದು ಯಾವತ್ತು, ಎಲ್ಲ ಆ ಚೌಕಗಳಲ್ಲೇ. ನನ್ನ ತಾಯಿ ಅದೇ ಚೌಕಗಳಲ್ಲಿ ತಲೆನೋವು ಬಂದ ದಿನಕ್ಕೆ ಒಂದು ಸಣ್ಣ ಗುಣಾಕಾರದ ಗುರುತು ಹಾಕುತ್ತಿದ್ದರು. ಒಬ್ಬ ವೈದ್ಯರು ಕೇಳಿದರೆಂದು ತಿಂಗಳ ಹಾಳೆಗಳನ್ನು ಹಿಂದಕ್ಕೆ ತಿರುವಿದಾಗ ಹೆಚ್ಚಿನ ಗುರುತುಗಳು ಏಕಾದಶಿ ಮತ್ತು ಅದರ ಮಾರನೆಯ ದಿನದಲ್ಲೇ ಇದ್ದವು. ನಿರಾಹಾರದ ಬದಲು ಫಲಾಹಾರ ಶುರುವಾಯಿತು. ಗುರುತುಗಳು ಅಲ್ಲಿ ತಿಂಗಳುಗಟ್ಟಲೆ ಇದ್ದವು, ನಾವೆಲ್ಲ ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆವು.

ಈಗ ವಿಜ್ಞಾನ ಏನು ಹೇಳುತ್ತದೆ ಎಂದು ನೋಡೋಣ. ಅಮೆರಿಕದಲ್ಲಿ ತೂಕ ಇಳಿಸಲು ಬಂದ ಸುಮಾರು 1,700 ಜನರನ್ನು ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದಿನಾ ತಿಂದದ್ದನ್ನು ಬರೆದಿಟ್ಟವರು ಬರೆಯದವರಿಗಿಂತ ಎರಡರಷ್ಟು ತೂಕ ಇಳಿಸಿದ್ದರು. ಕಾರಣ ಸರಳ: ಬರೆಯಬೇಕು ಎಂದು ಗೊತ್ತಿದ್ದರೆ ಎರಡನೆಯ ಹೋಳಿಗೆಗೆ ಕೈ ಹೋಗುವಾಗಲೇ ಕೈ ತಡೆಯುತ್ತದೆ. 2016ರಲ್ಲಿ 138 ಅಧ್ಯಯನಗಳನ್ನು, ಅಂದರೆ ಸುಮಾರು 20,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ತೋರಿತು. ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಳ್ಳುವವರು ಗುರಿಗೆ ಹತ್ತಿರವಾಗುತ್ತಾರೆ. ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಬರೆದಿಟ್ಟರೆ ಪರಿಣಾಮ ಇನ್ನೂ ಹೆಚ್ಚು.

ಒಂದು ಅಭ್ಯಾಸ ನೆಲೆಯೂರಲು ಇಪ್ಪತ್ತೊಂದು ದಿನ ಸಾಕು ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು ಇಪ್ಪತ್ತೊಂದು ದಿನ ಬೇಕು ಎಂದು ಅವನು ಹೇಳಿದ್ದ. ಅಭ್ಯಾಸಗಳನ್ನು ನಿಜವಾಗಿ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು. ಊಟದ ಜೊತೆ ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮುಂಚೆ ಓಡುವುದು ಇಂಥ ಅಭ್ಯಾಸಗಳನ್ನು ಆರಿಸಿಕೊಂಡ 96 ಜನರಲ್ಲಿ ಅದು ತಾನಾಗಿ ಆಗುವ ಹಂತಕ್ಕೆ ಬರಲು ಬೇಕಾದ ಅವಧಿ 18 ದಿನದಿಂದ 254 ದಿನದವರೆಗೂ ಹರಡಿತ್ತು. ನಡುವಿನ ಲೆಕ್ಕ 66 ದಿನ. ಎಷ್ಟೋ ಜನ ಇಪ್ಪತ್ತೆರಡನೆಯ ದಿನಕ್ಕೆ ಇದು ನನ್ನಿಂದಾಗದು ಎಂದು ಕೈಬಿಡುತ್ತಾರಲ್ಲ, ಅವರಿಗೆ ಈ ಸಂಖ್ಯೆಯನ್ನು ಯಾರಾದರೂ ಹೇಳಬೇಕಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ದಿನಚರಿಗೂ ಇದು ಅನ್ವಯಿಸುತ್ತದೆ. ತಪ್ಪಿದ ದಿನದ ಪುಟ ಖಾಲಿ ಇರಲಿ. ಅದನ್ನು ತುಂಬಲು ಹಿಂದಕ್ಕೆ ಹೋಗಬೇಡಿ. ಖಾಲಿ ಪುಟವೂ ಒಂದು ಮಾಹಿತಿ. ಯಾವ ದಿನಗಳಲ್ಲಿ ಬರೆಯಲಾಗಲಿಲ್ಲ ಎಂಬುದನ್ನು ನೋಡಿದರೆ ಯಾವುದು ನಮ್ಮನ್ನು ಸುಸ್ತು ಮಾಡುತ್ತಿದೆ ಎಂದು ತಿಳಿಯುತ್ತದೆ.

ಇಷ್ಟು ಹೊತ್ತು ಎಣಿಕೆಯ ಮಾತಾಡಿದೆ. ಎಣಿಸಲಾಗದ ದುಃಖಗಳೂ ಇವೆ. 1980ರ ದಶಕದಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆಯಲು ಹೇಳಿದ. ಘಟನೆಯನ್ನೂ ಅದರ ನೋವನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ನಡೆದ ನೂರಾರು ಪ್ರಯೋಗಗಳಲ್ಲಿ ಈ ಲಾಭ ಚಿಕ್ಕದೆಂದು ಕಂಡಿದೆ, ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂದೂ ಕಂಡಿದೆ. ಆದರೆ ಪೆನ್ನೆಬೇಕರ್ ಗಮನಿಸಿದ ಒಂದು ಸಂಗತಿ ನನಗೆ ಬಹಳ ಮುಖ್ಯ. ಹೆಚ್ಚು ಚೇತರಿಸಿಕೊಂಡವರ ಬರಹದಲ್ಲಿ ದಿನ ಕಳೆದಂತೆ ಕಾರಣ ಹೇಳುವ ಪದಗಳು, ಅರ್ಥವಾಯಿತು ಎನ್ನುವಂಥ ಪದಗಳು ಹೆಚ್ಚಾಗುತ್ತಾ ಹೋದವು. ಅದೇ ನೋವನ್ನು ಅದೇ ಮಾತಿನಲ್ಲಿ ದಿನಾ ಬರೆಯುವುದು ಗಾಯವನ್ನು ಕೆದಕಿದಂತೆ. ಒಂದು ವಾರದ ಪುಟಗಳಲ್ಲಿ ಒಂದೇ ಅಳಲು ಮರುಕಳಿಸುತ್ತಿದ್ದರೆ ಪೆನ್ನು ಕೆಳಗಿಟ್ಟು ಒಬ್ಬ ಆಪ್ತರ ಹತ್ತಿರ, ಬೇಕಿದ್ದರೆ ವೈದ್ಯರ ಹತ್ತಿರ ಹೋಗಿ. ಡೈರಿ ಅವರ ಬದಲಿಗೆ ಅಲ್ಲ.

ಇನ್ನು ಉಳಿದದ್ದು ಒಂದು ಕಠಿಣ ಪ್ರಶ್ನೆ. ದಿನಚರಿಯನ್ನು ಇನ್ನೊಬ್ಬರು ಓದಬಹುದೇ?

ಗಾಂಧೀಜಿ ಓದಬಹುದು ಎಂದೇ ನಡೆದುಕೊಂಡರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಸತ್ಯಾಗ್ರಹಿಗಳಿಗೆ ಮೂರು ನಿತ್ಯವಿಧಿಗಳಿದ್ದವು: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ದಿನವಿಡೀ ಬಿಸಿಲಲ್ಲಿ ನಡೆದು ಬಂದವರು ಚರಕದ ಮುಂದೆ ಕೂತು, ಆಮೇಲೆ ಅಂದಿನ ದಿನವನ್ನು ಬರೆಯಬೇಕು. ಆ ಗುಂಪಿನಲ್ಲಿದ್ದ ಒಬ್ಬನೇ ಕನ್ನಡಿಗ ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ, ಹದಿನೆಂಟು ವರ್ಷದ ಹುಡುಗ. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ಹುತಾತ್ಮನನ್ನು ನೆನೆಯುವಾಗ ನಾವು ಅವನ ಧೈರ್ಯವನ್ನು ನೆನೆಯುತ್ತೇವೆ. ಆ ಧೈರ್ಯಕ್ಕೆ ಮುಂಚೆ ಇಂಥ ಸಣ್ಣ ಸಣ್ಣ ನಿತ್ಯದ ಶಿಸ್ತುಗಳಿದ್ದವು ಎಂಬುದನ್ನೂ ನೆನೆಯಬೇಕು. ಗಾಂಧೀಜಿಯ ಪಕ್ಕದಲ್ಲೇ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ 1917ರಿಂದ 1942ರವರೆಗೆ ದಿನಚರಿ ಬರೆದರು. ಕೊನೆಯ ವರ್ಷಗಳಲ್ಲಿ ಮೊಮ್ಮಗಳ ವರಸೆಯ ಮನು ಗಾಂಧಿಯ ದಿನಚರಿಯನ್ನು ಗಾಂಧೀಜಿ ಸ್ವತಃ ಓದಿ ಸಹಿ ಹಾಕುತ್ತಿದ್ದರು.

ಟಾಲ್‌ಸ್ಟಾಯ್ ಕಥೆ ಬೇರೆ. 1862ರಲ್ಲಿ ಮದುವೆಗೆ ಮುಂಚೆ, ಪ್ರಾಮಾಣಿಕತೆಯ ಹೆಸರಿನಲ್ಲಿ, ತನ್ನ ಹಳೆಯ ದಿನಚರಿಗಳನ್ನು ವಧು ಸೋಫಿಯಾಳ ಕೈಗಿಟ್ಟ. ಅವನಿಗೆ ಮೂವತ್ತನಾಲ್ಕು, ಅವಳಿಗೆ ಹದಿನೆಂಟು. ಅವನ ಹಿಂದಿನ ಸಂಬಂಧಗಳೆಲ್ಲ ಆ ಪುಟಗಳಲ್ಲಿದ್ದವು. ಆ ಓದು ಕೊಟ್ಟ ನೋವನ್ನು ಅವಳು ಜೀವನಪರ್ಯಂತ ಮರೆಯಲಿಲ್ಲ; ಅವನ ಕಾದಂಬರಿ ‘ಅನಾ ಕರೆನಿನಾ’ದಲ್ಲಿ ಲೆವಿನ್ ತನ್ನ ದಿನಚರಿಯನ್ನು ಕಿಟಿಗೆ ಕೊಡುವ ಪ್ರಸಂಗ ಬಂದದ್ದು ಇಲ್ಲಿಂದಲೇ. ಕೊನೆಯ ವರ್ಷಗಳಲ್ಲಿ ಗಂಡ ಹೆಂಡತಿ ಪರಸ್ಪರರ ದಿನಚರಿಗೆ ಹೆದರಿ ಬಾಳಿದರು. 1910ರಲ್ಲಿ ಎಂಬತ್ತೊಂದರ ಮುದುಕ ತನಗೊಬ್ಬನಿಗೇ ಎಂದು ಇನ್ನೊಂದು ದಿನಚರಿಯನ್ನು ಬಚ್ಚಿಟ್ಟು ಬರೆಯಬೇಕಾಯಿತು.

ನನ್ನ ತೀರ್ಮಾನ ಇದು. ಎಣಿಸಬಹುದಾದದ್ದನ್ನು, ಎದ್ದ ಹೊತ್ತು, ನಡೆದ ದೂರ, ಓದಿದ ಪುಟ, ಸಕ್ಕರೆಯ ಅಂಶ, ಖರ್ಚು, ಇನ್ನೊಬ್ಬರಿಗೆ ತೋರಿಸಿ. ಅದರಿಂದ ಬಲ ಬರುತ್ತದೆ. ಮನಸ್ಸಿನ ಮಾತನ್ನು ಯಾರಿಗೂ ತೋರಿಸಬೇಡಿ. ಯಾರೋ ಓದುತ್ತಾರೆ ಎಂದು ಗೊತ್ತಾದ ಕ್ಷಣದಿಂದ ನಾವು ನಮಗಾಗಿ ಬರೆಯುವುದನ್ನು ನಿಲ್ಲಿಸುತ್ತೇವೆ. ಎರಡಕ್ಕೂ ಎರಡು ಪುಸ್ತಕ ಇರಲಿ, ಅಥವಾ ಒಂದೇ ಪುಸ್ತಕದ ಎರಡು ತುದಿ ಇರಲಿ.

ಪುಸ್ತಕವೇ ಯಾಕೆ, ಫೋನಿನಲ್ಲಿ ಬರೆಯಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬರೆಯಬಹುದು. ಆದರೆ ಫೋನು ತೆರೆದವರು ಬರೆಯುವುದಕ್ಕೆ ಮುಂಚೆ ಇನ್ನೇನನ್ನೋ ನೋಡುತ್ತಾರೆ, ಹಳೆಯದನ್ನು ತಿರುವುವುದಂತೂ ಅಲ್ಲಿ ಆಗುವುದಿಲ್ಲ. ನೋಟ್‌ಬುಕ್ಕು ದಿಂಬಿನ ಪಕ್ಕ ಇರಲಿ. ಒಂದು ಸಲಕ್ಕೆ ಒಂದೇ ಅಭ್ಯಾಸವನ್ನು ಆರಿಸಿಕೊಳ್ಳಿ, ಹೆಚ್ಚೆಂದರೆ ಎರಡು. ರಾತ್ರಿ ಊಟವಾದ ಮೇಲೆ ಎಂಬಂತೆ ಈಗಾಗಲೇ ದಿನಾ ನಡೆಯುವ ಒಂದು ಕೆಲಸಕ್ಕೆ ಬರವಣಿಗೆಯನ್ನು ಗಂಟು ಹಾಕಿ. ಮಾಡಿದೆನೋ ಇಲ್ಲವೋ ಎಂಬ ಗುರುತು, ಪಕ್ಕದಲ್ಲಿ ಏಕೆ ಎಂಬ ಒಂದು ವಾಕ್ಯ. ಭಾನುವಾರ ಹಿಂದಿನ ಏಳು ಪುಟ ಓದಿ ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆ ಬರೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ. ಕುವೆಂಪು ತಮ್ಮ ಯೌವನದ ದಿನಚರಿಯ ಪುಟಗಳನ್ನು ಇಳಿವಯಸ್ಸಿನವರೆಗೂ ಕಾಪಾಡಿಕೊಂಡಿದ್ದರಿಂದಲೇ 1980ರಲ್ಲಿ ಬಂದ ‘ನೆನಪಿನ ದೋಣಿಯಲ್ಲಿ’ ಆತ್ಮಕಥೆಗೆ ಆ ದಿನಗಳ ಹಸಿ ವಿವರಗಳು ಸಿಕ್ಕವು. ನಾವು ಅಷ್ಟು ದೊಡ್ಡದನ್ನು ಬಯಸಬೇಕಾಗಿಲ್ಲ. ಕಳೆದ ದೀಪಾವಳಿಯಲ್ಲಿ ಯಾವುದಕ್ಕೆ ಅಷ್ಟು ಸಿಟ್ಟು ಬಂದಿತ್ತು ಎಂದು ಈ ದೀಪಾವಳಿಗೆ ಓದಿ ತಿಳಿದರೂ ಸಾಕಷ್ಟು ಲಾಭವಾಯಿತು.

ಕೊನೆಯದಾಗಿ ಇಲ್ಲಿ ಕುಳಿತಿರುವ ಅಧ್ಯಾಪಕರಿಗೂ ತಂದೆತಾಯಿಗಳಿಗೂ ಒಂದು ವಿನಂತಿ. ನಮ್ಮ ಮಕ್ಕಳಿಗೆ ಡೈರಿ ಎಂದರೆ ಶಾಲೆಯ ಡೈರಿ. ಅದರಲ್ಲಿ ಹೋಂವರ್ಕ್ ಇರುತ್ತದೆ, ತಡವಾಗಿ ಬಂದದ್ದರ ದೂರು ಇರುತ್ತದೆ, ಕೆಳಗೆ ಪೋಷಕರ ಸಹಿ ಇರುತ್ತದೆ. ಬರೆಯುವುದೆಂದರೆ ಸಿಕ್ಕಿಬೀಳುವುದು ಎಂದು ಆರನೆಯ ತರಗತಿಗೇ ಅವರು ಕಲಿತುಬಿಡುತ್ತಾರೆ. ಈ ವರ್ಷ ಪ್ರತಿ ಮಗುವಿಗೂ ಇನ್ನೊಂದು ನೋಟ್‌ಬುಕ್ ಕೊಡಿಸಿ. ಅದಕ್ಕೆ ಅಂಕ ಬೇಡ, ಸಹಿ ಬೇಡ, ತಪಾಸಣೆ ಬೇಡ. ವಾರಕ್ಕೊಂದು ಪೀರಿಯಡ್ ಅದನ್ನು ತಾವೇ ತಿರುಗಿ ಓದಿಕೊಳ್ಳಲು ಬಿಡಿ. ಮಗು ಮನೆಯಲ್ಲಿ ಇಲ್ಲದಾಗ ಅದು ಮೇಜಿನ ಮೇಲೆ ತೆರೆದೇ ಬಿದ್ದಿದ್ದರೂ ದಯವಿಟ್ಟು ಓದಬೇಡಿ.